ದೊಡ್ಡ ಫೈಲು, ಪುಟ್ಟ ಗುರುತು: ಗಿಟ್ ಎಲ್‌ಎಫ್‌ಎಸ್ ಸಾಲುಗಳಿಗೊಂದು ವ್ಯಾಖ್ಯಾನ

ಪೀಠಿಕೆ

ಹಳೆಯ ಕನ್ನಡ ಪುಸ್ತಕವೊಂದನ್ನು ಸ್ಕ್ಯಾನ್ ಮಾಡಿ, ಟೈಪ್ ಮಾಡಿ, ನಾಲ್ಕಾರು ಜನ ಕೂಡಿ ಕರಡು ತಿದ್ದುವ ಕೆಲಸಕ್ಕೆ ಗಿಟ್‌ಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಯಾರು ಯಾವತ್ತು ಯಾವ ಸಾಲಿನ ಯಾವ ಒತ್ತಕ್ಷರ ಸರಿಪಡಿಸಿದರು ಎಂಬುದು ಅಲ್ಲಿ ದಾಖಲಾಗಿ ಉಳಿಯುತ್ತದೆ. ತಿದ್ದಿದ್ದೇ ತಪ್ಪೆಂದು ಆಮೇಲೆ ಗೊತ್ತಾದರೆ ಹಿಂದಿನ ಪಾಠಕ್ಕೆ ಮರಳಬಹುದು. ಗ್ರಂಥಸಂಪಾದನೆ ಬಯಸುವ ಶಿಸ್ತು ಅದರಲ್ಲಿ ಹುಟ್ಟಿನಿಂದಲೇ ಇದೆ. ತೊಡಕು ಶುರುವಾಗುವುದು ಪಠ್ಯದ ಪಕ್ಕದಲ್ಲಿ ಮೂಲ ಪುಟದ ಚಿತ್ರವನ್ನೂ ಇಡಹೊರಟಾಗ. ಇಡದೆ ವಿಧಿಯೂ ಇಲ್ಲ. ಮೂಲ ಎದುರಿಗಿಲ್ಲದೆ ಕರಡು ತಿದ್ದಲಾಗದು.

ಒಂದು ಪುಟದ ಲೆಕ್ಕ ಹಾಕೋಣ. ಎ4 ಅಳತೆಯ ಹಾಳೆಯನ್ನು 300 ಡಿಪಿಐನಲ್ಲಿ, ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ 2480 × 3508 ಪಿಕ್ಸೆಲ್. ಪಿಕ್ಸೆಲ್‌ಗೆ ಮೂರು ಬೈಟ್. ಕಂಪ್ರೆಸ್ ಮಾಡದ ಟಿಫ್ ಆಗಿ ಉಳಿಸಿದರೆ ಪಿಕ್ಸೆಲ್‌ಗಳೇ 2,60,99,520 ಬೈಟ್, ಅಂದರೆ 26 ಎಂಬಿ. ಅದೇ ಪುಟದ ಪಠ್ಯ? ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಪುಟದಲ್ಲಿ 1,500 ಸಂಕೇತಗಳಿದ್ದರೆ 4,500 ಬೈಟ್. ಚಿತ್ರ ಪಠ್ಯಕ್ಕಿಂತ ಐದು ಸಾವಿರ ಪಟ್ಟಿಗೂ ಹೆಚ್ಚು ದೊಡ್ಡದು. 200 ಪುಟದ ಪುಸ್ತಕದ ಚಿತ್ರಗಳು 5 ಜಿಬಿ ದಾಟುತ್ತವೆ. ಪಠ್ಯ ಒಂದು ಎಂಬಿಯನ್ನೂ ಮುಟ್ಟುವುದಿಲ್ಲ.

2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದದ್ದು ಲಿನಕ್ಸ್ ಕರ್ನಲ್‌ನ ಸೋರ್ಸ್ ಕೋಡ್ ಸಂಭಾಳಿಸಲೆಂದು. ಕೋಡ್ ಎಂದರೆ ಪಠ್ಯವೇ. ಒಂದು ಸಾಲು ತಿದ್ದಿದ ಫೈಲ್ ಹಳೆಯದನ್ನು ಬಹುಪಾಲು ಹೋಲುವುದರಿಂದ, ಪ್ಯಾಕ್ ಮಾಡುವಾಗ ಗಿಟ್ ವ್ಯತ್ಯಾಸವನ್ನಷ್ಟೇ ಇಟ್ಟುಕೊಂಡು ಜಾಗ ಉಳಿಸುತ್ತದೆ. ಸ್ಕ್ಯಾನ್ ಮಾಡಿದ ಪುಟಕ್ಕೆ ಈ ಉಪಾಯ ಒದಗುವುದಿಲ್ಲ. ಸೊಟ್ಟಗಿದ್ದ ಪುಟವನ್ನು ಒಂದು ಡಿಗ್ರಿ ತಿರುಗಿಸಿ ಉಳಿಸಿದರೂ ಬಹುತೇಕ ಪಿಕ್ಸೆಲ್‌ಗಳು ಬದಲಾಗುತ್ತವೆ. ಗಿಟ್‌ನ ಪಾಲಿಗೆ ಅದು ಹೊಸ ಫೈಲೇ. ಫೈಲ್ ಅಳಿಸಿದರೂ ಹಗುರಾಗುವುದಿಲ್ಲ, ಏಕೆಂದರೆ ಇತಿಹಾಸದಲ್ಲಿ ಅದು ಇದ್ದೇ ಇರುತ್ತದೆ. ಜೊತೆಗೆ ಗಿಟ್‌ನ ಪ್ರತಿ ಕ್ಲೋನ್ ಇಡೀ ಇತಿಹಾಸವನ್ನು ಹೊರುತ್ತದೆ. ಸರ್ವರ್ ಕೆಟ್ಟರೂ ಯಾರದೋ ಲ್ಯಾಪ್‌ಟಾಪಿನಿಂದ ಎಲ್ಲವನ್ನೂ ಮರಳಿ ಪಡೆಯಬಹುದೆಂಬ ಭರವಸೆ ಬರುವುದು ಇದರಿಂದಲೇ. ಚಿತ್ರಗಳು ಸೇರಿದಾಗ ಅದೇ ಭರವಸೆ ಹೊರಲಾಗದ ಭಾರವಾಗುತ್ತದೆ.

ಇದಕ್ಕೊಂದು ದಾರಿಯಾಗಿ ಗಿಟ್‌ಹಬ್ 2015ರ ಏಪ್ರಿಲ್‌ನಲ್ಲಿ ಲಾರ್ಜ್ ಫೈಲ್ ಸ್ಟೋರೇಜ್, ಅಂದರೆ ಎಲ್‌ಎಫ್‌ಎಸ್ ಅನ್ನು ಪ್ರಕಟಿಸಿತು. ಗೋ ಭಾಷೆಯಲ್ಲಿ ಬರೆದ ಮುಕ್ತ ತಂತ್ರಾಂಶ ಇದು. ಇಂದು ಗಿಟ್‌ಲ್ಯಾಬ್, ಬಿಟ್‌ಬಕೆಟ್, ಗಿಟೀಗಳಲ್ಲೂ ನಡೆಯುತ್ತದೆ. ದೊಡ್ಡ ಫೈಲನ್ನು ಬೇರೆ ಕಣಜದಲ್ಲಿಟ್ಟು, ಗಿಟ್‌ನ ಒಳಗೆ ಅದರ ಗುರುತನ್ನು ಮಾತ್ರ ಇಡುವುದು ಇದರ ಕ್ರಮ.

ಇದನ್ನು ಅಣಿಗೊಳಿಸಿ ನಡೆಸುವ ಸಾಲುಗಳು ಹದಿನೈದು. ಅರ್ಥ ತಿಳಿಯದೆ ಕಾಪಿ-ಪೇಸ್ಟ್ ಮಾಡಿದರೂ ಕೆಲಸ ನಡೆಯುತ್ತದೆ. ಆದರೆ ಒಂದೊಂದು ಸಾಲೂ ಗಿಟ್ ತಾನೇ ಹೊತ್ತಿದ್ದ ಒಂದು ಹೊಣೆಯನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುತ್ತದೆ. ಯಾವ ಹೊಣೆ ಯಾರಿಗೆ ಬಂತೆಂದು ತಂಡಕ್ಕೆ ಗೊತ್ತಿರಬೇಕು. ಈ ವ್ಯಾಖ್ಯಾನ ಅದಕ್ಕಾಗಿ. ಕಮಾಂಡ್‌ಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಸಾಲು 1: ಗಿಟ್ ಎಲ್‌ಎಫ್‌ಎಸ್ ಇನ್‌ಸ್ಟಾಲ್

ಹೆಸರು ಇನ್‌ಸ್ಟಾಲ್ ಎಂದಿದ್ದರೂ ಈ ಸಾಲು ತಂತ್ರಾಂಶವನ್ನು ತಂದುಕೊಡುವುದಿಲ್ಲ. ಅದು ಮೊದಲೇ ಯಂತ್ರದಲ್ಲಿರಬೇಕು: ಉಬುಂಟುವಿನಲ್ಲಿ ಎಪಿಟಿಯಿಂದ, ಮ್ಯಾಕ್‌ನಲ್ಲಿ ಹೋಮ್‌ಬ್ರೂನಿಂದ ಹಾಕಿಕೊಳ್ಳಬಹುದು, ವಿಂಡೋಸ್‌ನ ಗಿಟ್ ಪ್ಯಾಕೇಜಿನಲ್ಲಿ ಜೊತೆಗೇ ಬರುತ್ತದೆ. ಈ ಸಾಲು ಮಾಡುವುದು ಪರಿಚಯದ ಕೆಲಸ. ನಿಮ್ಮ ಗಿಟ್ ಕಾನ್ಫಿಗ್‌ನಲ್ಲಿ ಎಲ್‌ಎಫ್‌ಎಸ್ ಹೆಸರಿನ ಫಿಲ್ಟರ್ ಒಂದನ್ನು ನಾಲ್ಕು ಮಾತುಗಳಲ್ಲಿ ಬರೆದಿಡುತ್ತದೆ: ಕ್ಲೀನ್, ಸ್ಮಡ್ಜ್, ಪ್ರೊಸೆಸ್, ರಿಕ್ವೈರ್ಡ್.

ಕ್ಲೀನ್ ಎಂಬುದು ಒಳಗೆ ಹೋಗುವ ದಾರಿ. ಫೈಲ್ ಆ್ಯಡ್ ಮಾಡಿದಾಗ ಚಿತ್ರವನ್ನು ತೆಗೆದುಕೊಂಡು ಗಿಟ್‌ಗೆ ಗುರುತನ್ನಷ್ಟೇ ಕೊಡುತ್ತದೆ. ಸ್ಮಡ್ಜ್ ಹೊರಗೆ ಬರುವ ದಾರಿ. ಚೆಕ್‌ಔಟ್ ಆಗುವಾಗ ಗುರುತನ್ನು ಓದಿ ಚಿತ್ರವನ್ನು ತಂದು ಫೋಲ್ಡರಿನಲ್ಲಿಡುತ್ತದೆ. ಪ್ರೊಸೆಸ್ ವೇಗಕ್ಕಾಗಿ. ಮೊದಮೊದಲು ಒಂದೊಂದು ಫೈಲಿಗೂ ಫಿಲ್ಟರ್ ಹೊಸದಾಗಿ ಶುರುವಾಗಿ ಮುಗಿಯಬೇಕಿತ್ತು. ಸಾವಿರ ಚಿತ್ರಗಳಿದ್ದರೆ ಸಾವಿರ ಬಾರಿ. 2016ರಲ್ಲಿ ಬಂದ ಗಿಟ್ 2.11ರಿಂದ ಒಮ್ಮೆ ಶುರುವಾದ ಫಿಲ್ಟರ್ ಎಲ್ಲ ಫೈಲುಗಳು ಮುಗಿಯುವ ತನಕ ಓಡುತ್ತಲೇ ಇರಬಹುದು.

ನಾಲ್ಕನೆಯದು ಕಾವಲಿನ ಮಾತು. ರಿಕ್ವೈರ್ಡ್=ಟ್ರೂ ಎಂದಿದ್ದರೆ ಫಿಲ್ಟರ್ ಸೋತಾಗ ಗಿಟ್ ಅಲ್ಲೇ ನಿಲ್ಲುತ್ತದೆ; 26 ಎಂಬಿಯ ಚಿತ್ರ ಸದ್ದಿಲ್ಲದೆ ಇತಿಹಾಸಕ್ಕೆ ನುಸುಳಲಾರದು.

ಈ ಕಾವಲಿಗೆ ಒಂದು ಮಿತಿಯಿದೆ. ಕಾನ್ಫಿಗ್ ಇರುವುದು ನಿಮ್ಮ ಯಂತ್ರದಲ್ಲಿ, ರೆಪೊಸಿಟರಿಯಲ್ಲಲ್ಲ. ತಂಡಕ್ಕೆ ಹೊಸದಾಗಿ ಬಂದವರು ಎಲ್‌ಎಫ್‌ಎಸ್ ಇಲ್ಲದ ಯಂತ್ರದಿಂದ ಚಿತ್ರ ಆ್ಯಡ್ ಮಾಡಿದರೆ, ಆ ಹೆಸರಿನ ಫಿಲ್ಟರೇ ಅಲ್ಲಿಲ್ಲವಾದ್ದರಿಂದ ಗಿಟ್ ತಡೆಯುವುದಿಲ್ಲ, ಇಡೀ ಚಿತ್ರವನ್ನು ನುಂಗಿಬಿಡುತ್ತದೆ. ಆಮೇಲೆ ಪುಲ್ ಮಾಡಿದವರಿಗೆ "ಪಾಯಿಂಟರ್ (ಅಂದರೆ ಗುರುತು) ಆಗಿರಬೇಕಿದ್ದ ಫೈಲ್ ಹಾಗಿಲ್ಲ" ಎಂಬ ಎಚ್ಚರಿಕೆ ಕಾಣುತ್ತದೆ. ಗಿಟ್ ಆ್ಯಡ್ --ರಿನಾರ್ಮಲೈಸ್ ಕೊಟ್ಟು ಮತ್ತೆ ಕಮಿಟ್ ಮಾಡಿದರೆ ಮುಂದಿನದು ಸರಿಹೋಗುತ್ತದೆ. ಇತಿಹಾಸಕ್ಕೆ ಸೇರಿದ ಭಾರ ಹಾಗೇ ಇರುತ್ತದೆ. ಆದ್ದರಿಂದ ರೀಡ್‌ಮಿ ಫೈಲಿನ ಮೊದಲ ಸಾಲಿನಲ್ಲೇ ಇದನ್ನು ಬರೆದಿಡಿ: ಕ್ಲೋನ್‌ಗೆ ಮುಂಚೆ ಎಲ್‌ಎಫ್‌ಎಸ್ ಇನ್‌ಸ್ಟಾಲ್. ಯಂತ್ರಕ್ಕೆ ಒಂದು ಸಲ ಮಾಡಿದರೆ ಸಾಕು.

ಸಾಲು 2: ಗಿಟ್ ಎಲ್‌ಎಫ್‌ಎಸ್ ಟ್ರ್ಯಾಕ್ "\*.ಟಿಫ್"

ಯಾವ ಫೈಲುಗಳು ಕಣಜಕ್ಕೆ ಹೋಗಬೇಕೆಂದು ಹೇಳುವ ಸಾಲು. ಇಲ್ಲಿ ಕೊಟೇಶನ್ ಗುರುತು ಕಡ್ಡಾಯ. ಅದಿಲ್ಲದಿದ್ದರೆ ನಕ್ಷತ್ರವನ್ನು ಗಿಟ್ ನೋಡುವ ಮೊದಲೇ ಶೆಲ್ ಬಿಡಿಸಿ, ಈ ಫೋಲ್ಡರಿನಲ್ಲಿ ಸದ್ಯ ಇರುವ ಫೈಲುಗಳ ಹೆಸರನ್ನೇ ಒಂದೊಂದಾಗಿ ಕೊಡುತ್ತದೆ. ಇಂದಿರುವ ನಲವತ್ತು ಪುಟ ಎಲ್‌ಎಫ್‌ಎಸ್‌ಗೆ ಹೋಗುತ್ತವೆ. ನಾಳೆ ಬರುವ ನಲವತ್ತೊಂದನೆಯ ಪುಟ ನೇರ ಗಿಟ್‌ಗೆ ಬೀಳುತ್ತದೆ.

ಎರಡನೆಯ ಎಚ್ಚರಿಕೆ ದೊಡ್ಡಕ್ಷರ-ಚಿಕ್ಕಕ್ಷರದ್ದು. ಹಲವು ಸ್ಕ್ಯಾನರ್‌ಗಳು ಟಿ-ಐ-ಎಫ್ ಮೂರನ್ನೂ ದೊಡ್ಡಕ್ಷರದಲ್ಲಿ ಬರೆಯುತ್ತವೆ, ಕೆಲವು ಕೊನೆಗೆ ಎರಡು ಎಫ್ ಹಾಕುತ್ತವೆ. ಲಿನಕ್ಸ್‌ನಲ್ಲಿ ಗಿಟ್‌ಗೆ ಇವೆಲ್ಲ ಬೇರೆ ಬೇರೆ. ತಂಡದಲ್ಲಿ ಮೂರು ಸ್ಕ್ಯಾನರ್ ಇದ್ದರೆ ಮೂರು ಬಗೆಯ ಹೆಸರು ಬರುತ್ತವೆಂದು ಮೊದಲೇ ಭಾವಿಸಿ, ಅಷ್ಟಕ್ಕೂ ಟ್ರ್ಯಾಕ್ ಸಾಲು ಕೊಡಬೇಕು. ಇಲ್ಲವೇ ಹೆಸರಿಡುವ ಪದ್ಧತಿಯನ್ನೇ ಒಂದು ಮಾಡಿಕೊಳ್ಳಬೇಕು.

ಮೂರನೆಯದು ಆಯ್ಕೆಯ ವಿಚಾರ. ಟಿಫ್ ಕೊಟ್ಟ ಹುರುಪಿನಲ್ಲಿ ಟಿಎಕ್ಸ್‌ಟಿಯನ್ನೂ ಕೊಡಬಾರದು. ಪಠ್ಯ ಎಲ್‌ಎಫ್‌ಎಸ್‌ಗೆ ಹೋದ ಕ್ಷಣ ಅದರ ಸಾಲುಸಾಲಿನ ಹೋಲಿಕೆ ಕೈಬಿಟ್ಟು ಹೋಗುತ್ತದೆ. 'ಹಳ' ಎಂದಿದ್ದನ್ನು 'ಹಳ್ಳ' ಎಂದು ತಿದ್ದಿದ್ದು ಡಿಫ್‌ನಲ್ಲಿ ಕಾಣುವುದಿಲ್ಲ. ಗಾತ್ರ ನೋಡಿ ನಿರ್ಧರಿಸುವುದಕ್ಕಿಂತ ಉಪಯೋಗ ನೋಡಿ ನಿರ್ಧರಿಸುವುದು ಮೇಲು. ಸಾಲು ಹಿಡಿದು ಹೋಲಿಸಬೇಕಾದ್ದು ಗಿಟ್‌ನಲ್ಲೇ ಇರಲಿ. ಇಡಿಯಾಗಿ ತೆರೆದು ನೋಡಬೇಕಾದ ಚಿತ್ರ, ಧ್ವನಿ, ವಿಡಿಯೊ ಎಲ್‌ಎಫ್‌ಎಸ್‌ಗೆ ಹೋಗಲಿ.

ಸಾಲು 3: \*.ಟಿಫ್ ಫಿಲ್ಟರ್=ಎಲ್‌ಎಫ್‌ಎಸ್ ಡಿಫ್=ಎಲ್‌ಎಫ್‌ಎಸ್ ಮರ್ಜ್=ಎಲ್‌ಎಫ್‌ಎಸ್ -ಟೆಕ್ಸ್ಟ್

ಇದನ್ನು ನಾವು ಟೈಪ್ ಮಾಡುವುದಿಲ್ಲ. ಎರಡನೆಯ ಸಾಲಿನ ಫಲವಾಗಿ .ಗಿಟ್‌ಆಟ್ರಿಬ್ಯೂಟ್ಸ್ ಎಂಬ ಫೈಲಿನಲ್ಲಿ ಇದು ತಾನಾಗಿ ಮೂಡುತ್ತದೆ. ಇಡೀ ವ್ಯವಸ್ಥೆಯ ಜೀವ ಇರುವುದು ಇಲ್ಲೇ, ಹಾಗಾಗಿ ಪದಪದವನ್ನೂ ನೋಡೋಣ.

*ಫಿಲ್ಟರ್=ಎಲ್‌ಎಫ್‌ಎಸ್*: ಈ ಹೆಸರಿನ ಫೈಲುಗಳು ಬಂದಾಗ ಒಂದನೇ ಸಾಲಿನಲ್ಲಿ ಪರಿಚಯಿಸಿದ ಫಿಲ್ಟರನ್ನು ಕರೆ ಎಂಬ ಆದೇಶ. ಫಿಲ್ಟರ್ ಏನೆಂಬುದು ಯಂತ್ರದಲ್ಲಿದೆ, ಯಾವಾಗ ಕರೆಯಬೇಕೆಂಬುದು ರೆಪೊಸಿಟರಿಯಲ್ಲಿದೆ. ಎರಡೂ ಕೂಡಿದಾಗಲೇ ಕೆಲಸ.

*ಡಿಫ್=ಎಲ್‌ಎಫ್‌ಎಸ್, ಮರ್ಜ್=ಎಲ್‌ಎಫ್‌ಎಸ್*: ಹೋಲಿಕೆ ಮತ್ತು ಕೂಡಿಕೆಯನ್ನು ಎಲ್‌ಎಫ್‌ಎಸ್‌ಗೆ ಬಿಡು ಎಂದು ಓದಿದಂತೆ ಕಂಡರೂ ವಾಸ್ತವದಲ್ಲಿ ಎರಡು ಚಿತ್ರಗಳನ್ನು ಬೆಸೆಯುವ ಶಕ್ತಿ ಇಲ್ಲಿ ಯಾರಿಗೂ ಇಲ್ಲ. ಗಿಟ್ ಡಿಫ್ ಕೇಳಿದರೆ ಹಳೆಯ ಗುರುತು, ಹೊಸ ಗುರುತು ಅಕ್ಕಪಕ್ಕ ಕಾಣುತ್ತವೆ. ಇಬ್ಬರು ಒಂದೇ ಪುಟವನ್ನು ಬೇರೆ ಬೇರೆಯಾಗಿ ಕ್ರಾಪ್ ಮಾಡಿ ಕಮಿಟ್ ಮಾಡಿದರೆ ಸಂಘರ್ಷ ಬರುತ್ತದೆ, ಅದನ್ನು ಬಿಡಿಸುವವರು ಎರಡೂ ಚಿತ್ರ ತೆರೆದು ನೋಡಿ ಒಂದನ್ನು ಆರಿಸಿಕೊಳ್ಳಬೇಕು. ಗಿಟ್ ಮಾಡುತ್ತಿದ್ದ ಕೂಡಿಕೆಯ ಕೆಲಸ ಇಲ್ಲಿ ಮನುಷ್ಯರಿಗೆ ವರ್ಗವಾಗುತ್ತದೆ.

*-ಟೆಕ್ಸ್ಟ್*: ಮುಂದಿರುವ ಅಡ್ಡಗೆರೆ 'ಇದು ಪಠ್ಯವಲ್ಲ' ಎಂದು ಸಾರುತ್ತದೆ. ವಿಂಡೋಸ್ ಮತ್ತು ಲಿನಕ್ಸ್ ಸಾಲಿನ ಕೊನೆಯನ್ನು ಬೇರೆ ಬೇರೆ ಬೈಟ್‌ಗಳಿಂದ ಗುರುತಿಸುತ್ತವೆ; ಪಠ್ಯವೆಂದು ಕಂಡರೆ ಗಿಟ್ ಒಂದನ್ನು ಇನ್ನೊಂದಾಗಿ ಬದಲಿಸುವುದುಂಟು. ಚಿತ್ರದ ನಡುವೆ ಅಂಥ ಒಂದು ಬೈಟ್ ಬದಲಾದರೂ ಫೈಲ್ ಕೆಟ್ಟಂತೆ. ಈ ಒಂದು ಗೆರೆ ಅದನ್ನು ತಡೆಯುತ್ತದೆ.

ಸಾಲು 4: ಗಿಟ್ ಆ್ಯಡ್ .ಗಿಟ್‌ಆಟ್ರಿಬ್ಯೂಟ್ಸ್

ಚಿಕ್ಕ ಸಾಲು, ಆದರೆ ಜಾಗ ತಪ್ಪಬಾರದು. ಇದನ್ನು ಚಿತ್ರಗಳಿಗೆ ಮೊದಲೇ, ಸಾಧ್ಯವಾದರೆ ರೆಪೊಸಿಟರಿಯ ಮೊದಲ ಕಮಿಟ್‌ನಲ್ಲೇ ಸೇರಿಸಬೇಕು. ಟ್ರ್ಯಾಕ್ ಎಂಬುದು ಮುಂದೆ ಬರುವ ಫೈಲುಗಳಿಗೆ ಅನ್ವಯಿಸುತ್ತದೆ, ಈಗಾಗಲೇ ಕಮಿಟ್ ಆದದ್ದನ್ನು ಅದು ಹೊರತೆಗೆಯುವುದಿಲ್ಲ. ಕಮಿಟ್ ಆಗದ .ಗಿಟ್‌ಆಟ್ರಿಬ್ಯೂಟ್ಸ್ ನಿಮ್ಮೊಬ್ಬರ ಯಂತ್ರದಲ್ಲಿ ಉಳಿದ ಖಾಸಗಿ ತೀರ್ಮಾನ. ಕಮಿಟ್ ಆದ ಮೇಲೆ ಅದು ತಂಡದ ಒಪ್ಪಂದ.

ಸಾಲು 5: ಗಿಟ್ ಆ್ಯಡ್ ಪುಟಗಳು/ಪುಟ-041.ಟಿಫ್

ಹೊರನೋಟಕ್ಕೆ ಎಂದಿನ ಆ್ಯಡ್. ಒಳಗೆ ನಡೆಯುವುದು ಬೇರೆ. ಗಿಟ್ ಒಪ್ಪಂದದ ಸಾಲನ್ನು ನೋಡಿ ಕ್ಲೀನ್ ಫಿಲ್ಟರನ್ನು ಕರೆಯುತ್ತದೆ. ಫಿಲ್ಟರ್ ಚಿತ್ರದ ಎಲ್ಲ ಬೈಟ್‌ಗಳನ್ನೂ ಓದಿ ಎಸ್‌ಎಚ್‌ಎ-256 ಹ್ಯಾಶ್ ಲೆಕ್ಕ ಹಾಕುತ್ತದೆ. ಚಿತ್ರದ ಪ್ರತಿಯನ್ನು .ಗಿಟ್ ಫೋಲ್ಡರಿನೊಳಗಿನ ಎಲ್‌ಎಫ್‌ಎಸ್/ಆಬ್ಜೆಕ್ಟ್ಸ್ ಎಂಬಲ್ಲಿ ಇಡುತ್ತದೆ. ಹ್ಯಾಶ್ 4ಡಿ7ಎ ಎಂದು ಶುರುವಾದರೆ ಅದರ ಜಾಗ 4ಡಿ/7ಎ/ ಎಂಬ ಉಪಫೋಲ್ಡರ್; ಮೊದಲ ಎರಡು, ಮುಂದಿನ ಎರಡು ಅಂಕಿಗಳಿಂದ ಫೋಲ್ಡರ್‌ಗಳು ಕವಲೊಡೆಯುತ್ತವೆ, ಒಂದೇ ಕಡೆ ಲಕ್ಷ ಫೈಲುಗಳು ಜಮೆಯಾಗುವುದಿಲ್ಲ. ಒಂದೇ ಚಿತ್ರ ಎರಡು ಹೆಸರಲ್ಲಿದ್ದರೂ ಹ್ಯಾಶ್ ಒಂದೇ ಆದ್ದರಿಂದ ಕಣಜದಲ್ಲಿ ಒಂದೇ ಪ್ರತಿ.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಇಲ್ಲೊಂದು ಮಾತು. ಗಿಟ್ ಸ್ಟೇಟಸ್ ಕೊಟ್ಟಾಗ 'ಪ' ಅಕ್ಷರದ ಬದಲು \340\262\252 ಎಂದು ಕಂಡರೆ ಗಾಬರಿ ಬೇಡ. ಹೆಸರು ಕೆಟ್ಟಿಲ್ಲ, ಆ ಅಕ್ಷರದ ಮೂರು ಬೈಟ್‌ಗಳನ್ನು ಗಿಟ್ ಅಂಕಿಗಳಾಗಿ ತೋರಿಸುತ್ತಿದೆ ಅಷ್ಟೇ. ಗಿಟ್ ಕಾನ್ಫಿಗ್‌ನಲ್ಲಿ ಕೋರ್.ಕೋಟ್‌ಪಾತ್ ಅನ್ನು ಫಾಲ್ಸ್ ಮಾಡಿದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ.

ಸಾಲು 6, 7, 8: ಗುರುತಿನ ಮೂರು ಸಾಲು

ಕಮಿಟ್ ಆದ ಮೇಲೆ ಗಿಟ್ ಶೋ ಹೆಡ್:ಪುಟಗಳು/ಪುಟ-041.ಟಿಫ್ ಎಂದು ಕೇಳಿ. ಗಿಟ್ ತನ್ನೊಳಗೆ ಇಟ್ಟುಕೊಂಡದ್ದನ್ನು ಹಾಗೆಯೇ ತೋರಿಸುತ್ತದೆ. ಕಾಣುವುದು ಚಿತ್ರವಲ್ಲ, ಮೂರು ಸಾಲಿನ ಪಠ್ಯ. ಇದಕ್ಕೆ ಪಾಯಿಂಟರ್ ಎನ್ನುತ್ತಾರೆ.

*ವರ್ಶನ್ ಎಚ್‌ಟಿಟಿಪಿಎಸ್://ಗಿಟ್-ಎಲ್‌ಎಫ್‌ಎಸ್.ಗಿಟ್‌ಹಬ್.ಕಾಮ್/ಸ್ಪೆಕ್/ವಿ1*

ಈ ಪಾಯಿಂಟರ್ ಯಾವ ನಿಯಮದಂತೆ ಬರೆದದ್ದು ಎಂದು ಹೇಳುವ ಸಾಲು. ಇದು ಯಾವಾಗಲೂ ಮೊದಲಿರಬೇಕು. ಮಿಕ್ಕವು ಅಕಾರಾದಿಯಲ್ಲಿ ಬರಬೇಕು. ವಿಳಾಸದಂತೆ ಕಂಡರೂ ಚಿತ್ರ ಅಲ್ಲಿಲ್ಲ. ಪಾಯಿಂಟರ್‌ನಲ್ಲಿ ಎಲ್ಲೂ ಕಣಜದ ವಿಳಾಸ ಇರುವುದಿಲ್ಲ, ಇದು ಯೋಚಿಸಿಯೇ ಮಾಡಿದ್ದು. ನಾಳೆ ರೆಪೊಸಿಟರಿ ಇನ್ನೊಂದು ಸರ್ವರ್‌ಗೆ ಹೋದರೆ ಹಳೆಯ ಕಮಿಟ್‌ಗಳಲ್ಲಿ ಒಂದಕ್ಷರವನ್ನೂ ತಿದ್ದಬೇಕಿಲ್ಲ.

*ಒಐಡಿ ಎಸ್‌ಎಚ್‌ಎ256:4ಡಿ7ಎ2146…*

ಇಲ್ಲಿ ಚುಕ್ಕಿ ಹಾಕಿ ನಿಲ್ಲಿಸಿದೆ. ನಿಜವಾದ ಸಾಲಿನಲ್ಲಿ 64 ಅಂಕಿಗಳಿರುತ್ತವೆ. ಇದು ಚಿತ್ರದೊಳಗಿನ ಬೈಟ್‌ಗಳಿಂದಲೇ ಹುಟ್ಟಿದ ಹೆಸರು. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟವರಿಗೆ ಕೊಡುವ ಟೋಕನ್ ಕೂಡ ಹೀಗೇ ಪುಟ್ಟದು, ಜೇಬಿನಲ್ಲಿ ಸುಲಭವಾಗಿ ಸಾಗುತ್ತದೆ. ಆದರೆ ಆ ಅಂಕಿಗೂ ಚಪ್ಪಲಿಗೂ ಸಂಬಂಧವಿಲ್ಲ, ಬೇರೆ ಜೋಡಿ ಕೊಟ್ಟರೂ ಟೋಕನ್ ಸುಮ್ಮನಿರುತ್ತದೆ. ಈ ಹೆಸರು ಸುಮ್ಮನಿರುವುದಿಲ್ಲ. ಬಂದ ಚಿತ್ರದ ಒಂದು ಬಿಟ್ ಬೇರೆಯಾಗಿದ್ದರೂ ಹ್ಯಾಶ್ ಹೊಂದುವುದಿಲ್ಲ, ಮೋಸ ಅಥವಾ ಹಾಳು ತಕ್ಷಣ ಬಯಲಾಗುತ್ತದೆ. ಗ್ರಂಥಸಂಪಾದಕರಿಗೆ ಇದು ಸಣ್ಣ ಲಾಭವಲ್ಲ: ಇಪ್ಪತ್ತು ವರ್ಷದ ನಂತರ ಪುಟ ತೆರೆದವರೂ ಅಂದು ಸೇರಿಸಿದ ಚಿತ್ರವೇ ಇದೆಂದು ಖಚಿತಪಡಿಸಿಕೊಳ್ಳಬಹುದು.

*ಸೈಜ್ 26099722*

ಚಿತ್ರದ ಗಾತ್ರ, ಬೈಟ್‌ಗಳಲ್ಲಿ. ಪಿಕ್ಸೆಲ್‌ಗಳ ಜೊತೆ ಟಿಫ್‌ನ ತಲೆಬರಹವೂ ಸೇರಿರುವುದರಿಂದ ನಮ್ಮ ಮೊದಲ ಲೆಕ್ಕಕ್ಕಿಂತ ತುಸು ಹೆಚ್ಚು. ಎಷ್ಟು ತರಬೇಕಿದೆ ಎಂಬುದು ತರುವ ಮೊದಲೇ ಗೊತ್ತಿರಲೆಂದು ಈ ಸಾಲು.

ಮೂರು ಸಾಲು ಸೇರಿ, ಸಾಲಿನ ಕೊನೆಗಳನ್ನೂ ಎಣಿಸಿದರೆ, 133 ಬೈಟ್. 200 ಪುಟಕ್ಕೆ 26,600 ಬೈಟ್. 5 ಜಿಬಿಗೂ ಮಿಕ್ಕಿದ ಹೊರೆ ಗಿಟ್‌ನ ಇತಿಹಾಸದಲ್ಲಿ ಇಷ್ಟಕ್ಕೆ ಇಳಿಯಿತು.

ಸಾಲು 9: ಗಿಟ್ ಪುಶ್ ಒರಿಜಿನ್ ಮೇನ್

ಪುಶ್ ಕೊಟ್ಟ ಕೂಡಲೇ ಕಮಿಟ್‌ಗಳು ಹೊರಡುವುದಿಲ್ಲ. ಮೊದಲು ಪ್ರಿ-ಪುಶ್ ಎಂಬ ಹುಕ್ (ತಾನಾಗಿ ಓಡುವ ಸ್ಕ್ರಿಪ್ಟ್) ಏಳುತ್ತದೆ. ಹೊಸ ಕಮಿಟ್‌ಗಳಲ್ಲಿ ಯಾವ ಪಾಯಿಂಟರ್‌ಗಳಿವೆ ಎಂದು ಹುಡುಕಿ, ಅವುಗಳ ಒಐಡಿ ಮತ್ತು ಸೈಜ್‌ಗಳ ಪಟ್ಟಿಯನ್ನು ಸರ್ವರ್‌ಗೆ ಕಳಿಸುತ್ತದೆ. ಸರ್ವರ್ ತನ್ನಲ್ಲಿ ಇರುವುದನ್ನು ಬಿಟ್ಟು, ಇಲ್ಲದವಕ್ಕೆ ಮಾತ್ರ ಕಳಿಸಬೇಕಾದ ವಿಳಾಸ ಕೊಡುತ್ತದೆ. ಚಿತ್ರಗಳು ಅಲ್ಲಿಗೆ ಹೋಗುತ್ತವೆ. ಎಲ್ಲ ತಲುಪಿದ ಮೇಲೆಯೇ ಕಮಿಟ್‌ಗಳ ಸರದಿ. ನಡುವೆ ಇಂಟರ್‌ನೆಟ್ ಕೈಕೊಟ್ಟರೆ ಪುಶ್ ನಿಲ್ಲುತ್ತದೆ; ಚಿತ್ರವಿಲ್ಲದ ಗುರುತು ಸರ್ವರ್‌ಗೆ ಸೇರದಿರಲಿ ಎಂದೇ ಈ ಕ್ರಮ.

ಎಲ್‌ಎಫ್‌ಎಸ್ ಇಲ್ಲದೆ ಹೋಗಿದ್ದರೆ ಏನಾಗುತ್ತಿತ್ತು? ಗಿಟ್‌ಹಬ್‌ನಲ್ಲಿ 50 ಎಂಐಬಿ (ಮೆಬಿಬೈಟ್, ಎಂಬಿಗಿಂತ ತುಸು ದೊಡ್ಡ ಅಳತೆ) ದಾಟಿದ ಫೈಲಿಗೆ ಎಚ್ಚರಿಕೆ, 100 ಎಂಐಬಿ ದಾಟಿದ್ದಕ್ಕೆ ತಡೆ. ನಮ್ಮ ಎ4 ಪುಟವನ್ನೇ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 4960 × 7016 ಪಿಕ್ಸೆಲ್, ಅಂದರೆ 99.56 ಎಂಐಬಿ. ತಡೆಯ ಗೆರೆಗೆ ತಾಗಿಕೊಂಡೇ ಇದೆ. ಹಾಳೆ ಸ್ವಲ್ಪ ಅಗಲವಾದರೆ ಪುಶ್ ತಿರಸ್ಕೃತ.

ಎಲ್‌ಎಫ್‌ಎಸ್‌ಗೂ ಮಿತಿಯಿದೆ. ಸಂಗ್ರಹಕ್ಕೆ ಮಾತ್ರವಲ್ಲ, ಡೌನ್‌ಲೋಡ್‌ಗೂ ಗಿಟ್‌ಹಬ್ ಲೆಕ್ಕ ಇಡುತ್ತದೆ. ಪ್ರತಿ ಪುಶ್‌ಗೂ ತಾನಾಗಿ ಓಡುವ ಪರೀಕ್ಷಾ ಯಂತ್ರಗಳು ಪ್ರತಿ ಸಲವೂ ಎಲ್ಲ ಚಿತ್ರ ಇಳಿಸಿಕೊಂಡರೆ ಪಾಲು ಬೇಗ ಮುಗಿಯುತ್ತದೆ. ಅವಕ್ಕೆ ಬೇಕಿರುವುದು ಪಠ್ಯವಷ್ಟೇ ಆದರೆ ಮುಂದಿನ ಸಾಲನ್ನು ಅಲ್ಲೂ ಬಳಸಬೇಕು.

ಸಾಲು 10: ಗಿಟ್_ಎಲ್‌ಎಫ್‌ಎಸ್_ಸ್ಕಿಪ್_ಸ್ಮಡ್ಜ್=1 ಗಿಟ್ ಕ್ಲೋನ್ …
ಸಾಲು 11: ಗಿಟ್ ಎಲ್‌ಎಫ್‌ಎಸ್ ಪುಲ್ --ಇನ್‌ಕ್ಲೂಡ್="ಪುಟಗಳು/ಅಧ್ಯಾಯ-3/\*"

ಎರಡನ್ನೂ ಜೋಡಿಯಾಗಿ ಓದಬೇಕು. ಸಾಮಾನ್ಯವಾಗಿ ಕ್ಲೋನ್ ಮಾಡಿದರೆ ಇತಿಹಾಸದ ಎಲ್ಲ ಪಾಯಿಂಟರ್‌ಗಳು ಬರುತ್ತವೆ, ಚಿತ್ರಗಳು ಮಾತ್ರ ಈಗಿನ ಆವೃತ್ತಿಗೆ ಬೇಕಾದಷ್ಟೇ ಬರುತ್ತವೆ. ಹಳೆಯ ಕ್ರಾಪ್‌ಗಳು ಸರ್ವರ್‌ನಲ್ಲೇ ಉಳಿಯುತ್ತವೆ. ಈಗಿನ ಆವೃತ್ತಿಯ ಚಿತ್ರಗಳೇ 5 ಜಿಬಿ ಆಗುತ್ತವಲ್ಲ? ಊರಿನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡು ಕರಡು ತಿದ್ದುವವರಿಗೆ ಅದೂ ಹೆಚ್ಚೇ.

ಹತ್ತನೆಯ ಸಾಲಿನ ಮುಂದಿರುವ ಮಾತು ಸ್ಮಡ್ಜ್ ಅನ್ನು ಈ ಒಂದು ಸಲಕ್ಕೆ ಮಲಗಿಸುತ್ತದೆ. ಪಠ್ಯ ಪೂರ್ತಿ ಬರುತ್ತದೆ, ಚಿತ್ರಗಳ ಜಾಗದಲ್ಲಿ ಗುರುತುಗಳಷ್ಟೇ ಬರುತ್ತವೆ. ಹನ್ನೊಂದನೆಯ ಸಾಲು ತಮ್ಮ ಪಾಲಿಗೆ ಬಂದ ಅಧ್ಯಾಯದ ಚಿತ್ರಗಳನ್ನು ಮಾತ್ರ ತರಿಸಿಕೊಳ್ಳುತ್ತದೆ. ಇಪ್ಪತ್ತು ಪುಟ ತಿದ್ದುವವರು ಇಪ್ಪತ್ತು ಪುಟದ ಚಿತ್ರ ಇಳಿಸಿಕೊಂಡರೆ ಸಾಕು. ಎಲ್‌ಎಫ್‌ಎಸ್‌ನ ದೊಡ್ಡ ಉಪಕಾರ ಇದೇ ಎಂದು ನಾನು ನಂಬಿದ್ದೇನೆ. ಒಳ್ಳೆಯ ಕಣ್ಣು, ಒಳ್ಳೆಯ ಕನ್ನಡ ಇದ್ದೂ ಒಳ್ಳೆಯ ಇಂಟರ್‌ನೆಟ್ ಇಲ್ಲದ ಕಾರಣಕ್ಕೆ ಯಾರೂ ಹೊರಗುಳಿಯಬಾರದು.

ಈ ಹಂತದಲ್ಲಿ ಹೆಚ್ಚಾಗಿ ಕೇಳಿಬರುವ ದೂರು, 'ಟಿಫ್ ತೆರೆಯುತ್ತಿಲ್ಲ, ಫೈಲ್ ಕೆಟ್ಟಿದೆ' ಎಂಬುದು. ಮೊದಲು ಗಾತ್ರ ನೋಡಿ. 133 ಬೈಟ್ ಇದ್ದರೆ ಅದು ಕೆಟ್ಟ ಚಿತ್ರವಲ್ಲ, ಬಿಡಿಸದ ಗುರುತು. ಗಿಟ್ ಎಲ್‌ಎಫ್‌ಎಸ್ ಎಲ್‌ಎಸ್-ಫೈಲ್ಸ್ ಕೊಟ್ಟರೆ ಪ್ರತಿ ಹೆಸರಿಗೆ ಮೊದಲು ನಕ್ಷತ್ರ ಅಥವಾ ಅಡ್ಡಗೆರೆ ಕಾಣುತ್ತದೆ. ನಕ್ಷತ್ರವಿದ್ದರೆ ಚಿತ್ರ ಬಂದಿದೆ, ಅಡ್ಡಗೆರೆಯಿದ್ದರೆ ಗುರುತು ಮಾತ್ರ ಬಂದಿದೆ.

ಸಾಲು 12: ಗಿಟ್ ಎಲ್‌ಎಫ್‌ಎಸ್ ಲಾಕ್ ಪುಟಗಳು/ಪುಟ-041.ಟಿಫ್

ಮೂರನೆಯ ಸಾಲಿನಲ್ಲಿ ಕಂಡ ಸಂಘರ್ಷಕ್ಕೆ ಮುಂಜಾಗ್ರತೆ. 'ಈ ಪುಟ ನಾನು ಕ್ರಾಪ್ ಮಾಡುತ್ತಿದ್ದೇನೆ' ಎಂದು ಸರ್ವರ್‌ನಲ್ಲಿ ನಮೂದಾಗುತ್ತದೆ. ಮುಗಿದ ಮೇಲೆ ಅನ್‌ಲಾಕ್. ಟ್ರ್ಯಾಕ್ ಸಾಲಿಗೆ --ಲಾಕಬಲ್ ಸೇರಿಸಿದ್ದರೆ, ಲಾಕ್ ಪಡೆಯುವ ತನಕ ಆ ಫೈಲುಗಳನ್ನು ಓದಬಹುದು, ಬರೆಯಲಾಗದು. ಒಬ್ಬರೇ ಚಿತ್ರ ಸರಿಪಡಿಸುವ ಚಿಕ್ಕ ತಂಡಕ್ಕೆ ಇದು ಬೇಕಾಗುವುದಿಲ್ಲ.

ಸಾಲು 13: ಗಿಟ್ ಎಲ್‌ಎಫ್‌ಎಸ್ ಮೈಗ್ರೇಟ್ ಇಂಪೋರ್ಟ್ --ಇನ್‌ಕ್ಲೂಡ್="\*.ಟಿಫ್" --ಎವ್ರಿಥಿಂಗ್

ಒಪ್ಪಂದಕ್ಕೆ ಮೊದಲೇ ಚಿತ್ರಗಳು ಒಳಹೊಕ್ಕ ರೆಪೊಸಿಟರಿಗೆ ಇದು ಚಿಕಿತ್ಸೆ. ಎಲ್ಲ ಬ್ರಾಂಚ್‌ಗಳ ಎಲ್ಲ ಕಮಿಟ್‌ಗಳನ್ನೂ ಮೊದಲಿನಿಂದ ನಡೆದು, ಚಿತ್ರ ಇದ್ದಲ್ಲೆಲ್ಲ ಗುರುತಿಟ್ಟು ಹೊಸ ಇತಿಹಾಸ ಬರೆಯುತ್ತದೆ. ಗಿಟ್‌ನಲ್ಲಿ ಕಮಿಟ್‌ನ ಹೆಸರು ಅದರ ಒಳವಸ್ತುವಿನಿಂದ ಮತ್ತು ಹಿಂದಿನ ಕಮಿಟ್‌ನ ಹೆಸರಿನಿಂದ ಹುಟ್ಟುತ್ತದೆ. ಒಂದು ಬದಲಾದರೆ ನಂತರದ್ದೆಲ್ಲ ಬದಲಾಗುತ್ತದೆ. ಹಾಗಾಗಿ ಇದನ್ನು ಒಬ್ಬರೇ ನಡುರಾತ್ರಿ ಕೂತು ಮಾಡುವಂತಿಲ್ಲ. ಎಲ್ಲರೂ ತಮ್ಮ ಕೆಲಸ ಪುಶ್ ಮಾಡಿರಬೇಕು, ಪೂರ್ತಿ ಬ್ಯಾಕಪ್ ಇರಬೇಕು, ಆಮೇಲೆ ಫೋರ್ಸ್ ಪುಶ್, ಬಳಿಕ ಎಲ್ಲರೂ ಹೊಸದಾಗಿ ಕ್ಲೋನ್. ಒಬ್ಬರು ಹಳೆಯ ಕ್ಲೋನನ್ನೇ ಬಳಸಿ ಮರ್ಜ್ ಮಾಡಿ ಪುಶ್ ಮಾಡಿದರೆ ಹೊರಹಾಕಿದ ಭಾರ ಮತ್ತೆ ಒಳಬರುತ್ತದೆ. ಶುರುಮಾಡುವ ಮೊದಲು ಮೈಗ್ರೇಟ್ ಇನ್ಫೋ ಕೊಟ್ಟರೆ ಯಾವ ಬಗೆಯ ಫೈಲುಗಳು ಎಷ್ಟು ಜಾಗ ತಿಂದಿವೆಯೆಂದು ತಿಳಿಯುತ್ತದೆ; ಅದು ಓದಿ ಹೇಳುತ್ತದೆ, ಏನನ್ನೂ ತಿದ್ದುವುದಿಲ್ಲ.

ಸಾಲು 14: ಗಿಟ್ ಎಲ್‌ಎಫ್‌ಎಸ್ ಪ್ರೂನ್ --ವೆರಿಫೈ-ರಿಮೋಟ್

ನಿಮ್ಮ ಡಿಸ್ಕ್‌ನಿಂದ ಹಳೆಯ ಚಿತ್ರಗಳನ್ನು ತೆಗೆಯುವ ಸಾಲು. ಈಗ ಬಳಕೆಯಲ್ಲಿರುವ, ಇತ್ತೀಚಿನ, ಇನ್ನೂ ಪುಶ್ ಆಗದ ಚಿತ್ರಗಳನ್ನು ಪ್ರೂನ್ ಮುಟ್ಟುವುದಿಲ್ಲ. ಕೊನೆಗೆ ವೆರಿಫೈ-ರಿಮೋಟ್ ಸೇರಿಸಿದರೆ ಅಳಿಸುವ ಮೊದಲು 'ಇದು ನಿನ್ನಲ್ಲಿ ಇದೆಯಷ್ಟೇ?' ಎಂದು ಸರ್ವರನ್ನು ಕೇಳಿಕೊಳ್ಳುತ್ತದೆ. ಸೇರಿಸುವುದನ್ನು ರೂಢಿ ಮಾಡಿಕೊಳ್ಳಿ.

ಸಾಲು 15: ಗಿಟ್ ಎಲ್‌ಎಫ್‌ಎಸ್ ಫೆಚ್ --ಆಲ್

ಎಲ್‌ಎಫ್‌ಎಸ್ ಅಣಿಮಾಡುವ ಸೂಚನೆಗಳಲ್ಲಿ ಈ ಸಾಲು ಸಾಮಾನ್ಯವಾಗಿ ಇರುವುದಿಲ್ಲ. ಇರಲೇಬೇಕೆಂಬುದು ನನ್ನ ಒತ್ತಾಯ. ಪ್ರತಿ ಕ್ಲೋನೂ ಪೂರ್ಣ ಪ್ರತಿ ಎಂಬ ಗಿಟ್‌ನ ಭರವಸೆ ಎಲ್‌ಎಫ್‌ಎಸ್ ಬಂದ ಮೇಲೆ ಪಠ್ಯಕ್ಕಷ್ಟೇ ನಿಲ್ಲುತ್ತದೆ. ಚಿತ್ರಗಳ ಪೂರ್ಣ ಸಂಗ್ರಹ ಇರುವುದು ಒಂದೇ ಕಡೆ, ಸರ್ವರ್‌ನಲ್ಲಿ. ಗಿಟ್ ಕ್ಲೋನ್ --ಮಿರರ್ ಮಾಡಿ ಬ್ಯಾಕಪ್ ಆಯಿತೆಂದು ನಿಶ್ಚಿಂತರಾದವರ ಬಳಿ ಇರುವುದು ಗುರುತುಗಳು ಮಾತ್ರ. ಆ ಕ್ಲೋನ್‌ನಲ್ಲಿ ಚೆಕ್‌ಔಟ್ ಇಲ್ಲ, ಆದ್ದರಿಂದ ಸ್ಮಡ್ಜ್ ಓಡುವುದೂ ಇಲ್ಲ. ಅದೇ ಮಿರರ್‌ನೊಳಗೆ ನಿಂತು ಈ ಸಾಲು ಕೊಟ್ಟರೆ ಎಲ್ಲ ಬ್ರಾಂಚ್‌ಗಳ, ಎಲ್ಲ ಕಮಿಟ್‌ಗಳ ಚಿತ್ರಗಳೂ ಇಳಿಯುತ್ತವೆ. ಆಮೇಲೆ ಗಿಟ್ ಎಲ್‌ಎಫ್‌ಎಸ್ ಎಫ್‌ಎಸ್‌ಸಿಕೆ ಕೊಟ್ಟರೆ ಈಗಿನ ಆವೃತ್ತಿಯ ಚಿತ್ರಗಳ ಹ್ಯಾಶನ್ನು ಮತ್ತೆ ಲೆಕ್ಕ ಹಾಕಿ ಗುರುತಿನೊಡನೆ ತಾಳೆ ನೋಡುತ್ತದೆ.

ಆದ್ದರಿಂದ ಎಲ್‌ಎಫ್‌ಎಸ್ ಅಣಿಮಾಡುವ ದಿನವೇ ಎರಡು ಹೆಸರನ್ನು ರೀಡ್‌ಮಿಯಲ್ಲಿ ಬರೆಯಿರಿ: ತಿಂಗಳಿಗೊಮ್ಮೆ ಫೆಚ್ --ಆಲ್ ಮಾಡಿ ಬೇರೊಂದು ಡಿಸ್ಕ್‌ನಲ್ಲಿ ಇಡುವವರು ಯಾರು, ಅವರಿಗೆ ಆಗದಿದ್ದರೆ ಮಾಡುವವರು ಯಾರು. ಮೂಲ ಪುಸ್ತಕದ ಕಾಗದ ಪ್ರತಿ ವರ್ಷ ಇನ್ನಷ್ಟು ಪುಡಿಯಾಗುತ್ತದೆ. ಎರಡನೆಯ ಸಲ ಸ್ಕ್ಯಾನ್ ಮಾಡಲು ಅದು ಉಳಿದಿರುತ್ತದೆಂಬ ಖಾತರಿಯಿಲ್ಲ. ಹಗುರವಾದ ಕ್ಲೋನ್ ಎಲ್ಲರಿಗೂ ಸಿಗಬೇಕು, ಪೂರ್ಣ ಪ್ರತಿ ಕನಿಷ್ಠ ಇಬ್ಬರ ಬಳಿ ಇರಬೇಕು. ಹಿಂದಿನ ಹದಿನಾಲ್ಕು ಸಾಲುಗಳು ಮೊದಲನೆಯದನ್ನು ಒದಗಿಸುತ್ತವೆ, ಈ ಒಂದು ಸಾಲು ಎರಡನೆಯದನ್ನು.